ನ್ಯೂರೋರೇಡಿಯಾಲಜಿ ವಿಭಾಗ: ಬೀದರ್, ಭಾಲ್ಕಿ, ಔರಾದಗಳ ಕಡೆಯಿಂದ

ಮೆದುಳು, ಬೆನ್ನುಹುರಿ, ಇವೆರಡಕ್ಕೂ ರಕ್ತ ಒಯ್ಯುವ ನಾಳಗಳು, ತಲೆಬುರುಡೆ, ಬೆನ್ನೆಲುಬು, ಕಣ್ಣುಗುಳಿ, ಒಳಗಿವಿ ಇವನ್ನೆಲ್ಲ ಚಿತ್ರಗಳ ಮೂಲಕ ಪರೀಕ್ಷಿಸಿ ರೋಗ ಗುರುತಿಸುವ, ಕೆಲವು ರೋಗಗಳಿಗೆ ರಕ್ತನಾಳದ ಒಳಗಿಂದಲೇ ಚಿಕಿತ್ಸೆ ಮಾಡುವ ವೈದ್ಯಶಾಖೆ ನ್ಯೂರೋರೇಡಿಯಾಲಜಿ. ಬೋಧಕ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗ ಇದ್ದರೆ ಅದರ ಮೇಲೆ ಮೂರು ಹೊಣೆ ಬೀಳುತ್ತವೆ. ಬಂದ ರೋಗಿಯ ಚಿತ್ರವನ್ನು ಸರಿಯಾಗಿ, ಹೊತ್ತಿಗೆ ಸರಿಯಾಗಿ ಓದಬೇಕು. ಹಾಗೆ ಓದಬಲ್ಲವರನ್ನು ತಯಾರು ಮಾಡಬೇಕು. ಇದುವರೆಗೆ ಯಾರಿಗೂ ಓದಲಾಗದ್ದನ್ನು ಓದುವ ದಾರಿ ಹುಡುಕಬೇಕು. ಕರ್ನಾಟಕದಲ್ಲಿ ಈ ಮೂರನ್ನೂ ದೀರ್ಘಕಾಲದಿಂದ ಹೊತ್ತು ಬಂದಿರುವ ಸರ್ಕಾರಿ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ರಾಜ್ಯದ ಉತ್ತರದ ತುತ್ತತುದಿಯ ಬೀದರ್ ನಗರ, ಭಾಲ್ಕಿ, ಔರಾದಗಳಿಂದ ನೋಡಿದಾಗ ಆ ಹೊಣೆಗಳ ಅರ್ಥವೇನು ಎಂಬುದು ಈ ಲೇಖನದ ವಿಷಯ. ಇಂಥ ವಿಭಾಗವನ್ನು ಅಳೆಯಬೇಕಾದದ್ದು ಅಲ್ಲಿರುವ ಯಂತ್ರದ ಬೆಲೆಯಿಂದಲ್ಲ, ಅದರ ಓದು ಎಷ್ಟು ದೂರದ ಊರಿನವರೆಗೆ ತಲುಪುತ್ತದೆ ಎಂಬುದರಿಂದ. ಹಾಗಾಗಿ ಔರಾದವೇ ಇಲ್ಲಿ ಅಳತೆಗೋಲು.

ಬೆಳೆದು ಬಂದ ಬಗೆ

ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್‌ನಲ್ಲಿ ಎಕ್ಸ್‌-ರೇ ಕಂಡುಹಿಡಿದಾಗ ಎಲುಬು ಕಂಡಿತೇ ಹೊರತು ಮೆದುಳು ಕಾಣಲಿಲ್ಲ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1918ರಲ್ಲಿ ಮೆದುಳಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆದರು. ಪೋರ್ಚುಗಲ್‌ನ ಎಗಾಸ್ ಮೋನಿಜ್ 1927ರಲ್ಲಿ ಕತ್ತಿನ ಧಮನಿಗೆ ಬಣ್ಣದ್ರವ ಚುಚ್ಚಿ ಮೆದುಳಿನ ರಕ್ತನಾಳಗಳನ್ನು ಕಾಣುವಂತೆ ಮಾಡಿದರು. ಎರಡೂ ನೋವಿನ, ಅಪಾಯದ ಪರೀಕ್ಷೆಗಳು. ಗಡ್ಡೆಯನ್ನು ನೇರವಾಗಿ ನೋಡಲಾಗದೆ, ಅದು ಪಕ್ಕಕ್ಕೆ ತಳ್ಳಿದ್ದನ್ನು ನೋಡಿ ಅದರ ಜಾಗ ಊಹಿಸುತ್ತಿದ್ದ ಕಾಲ ಅದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ ರೋಗಿಯೊಬ್ಬರ ಮೆದುಳನ್ನು ಪದರ ಪದರವಾಗಿ ತೋರಿಸಿತು. ಅದೇ ಸಿ.ಟಿ. ಸ್ಕ್ಯಾನ್. ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಾಕ್ ಇದಕ್ಕಾಗಿ 1979ರ ನೊಬೆಲ್ ಪಡೆದರು. ಎಂಆರ್‌ಐಗೆ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ಆ ಗೌರವ ಸಿಕ್ಕಿದ್ದು 2003ರಲ್ಲಿ.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು. 1994ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು, 2012ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಸಿಕ್ಕಿತು. ಅಲ್ಲಿನ ನ್ಯೂರೋಇಮೇಜಿಂಗ್ ಮತ್ತು ಇಂಟರ್ವೆನ್ಷನಲ್ ರೇಡಿಯಾಲಜಿ ವಿಭಾಗದ ಹೆಸರಿನಲ್ಲೇ ಎರಡು ಕೆಲಸ ಸೇರಿವೆ: ಚಿತ್ರ ಓದುವುದು, ತೂರುನಳಿಕೆಯಿಂದ ಚಿಕಿತ್ಸೆ ಮಾಡುವುದು. ಎಂ.ಡಿ. ರೇಡಿಯಾಲಜಿ ಮುಗಿಸಿದವರು ಅಲ್ಲಿ ಡಿ.ಎಂ. ಮಟ್ಟದ ತರಬೇತಿ ಪಡೆಯುತ್ತಾರೆ.

ಬೀದರ್‌ನ ದಾರಿಗಳು

2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ ದಾಟಿತ್ತು. ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡು 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಬ್ರಿಮ್ಸ್, ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು. ಭಾಲ್ಕಿ ಮತ್ತು ಔರಾದಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಎರಡೂ ಬೀದರ್ ನಗರದಿಂದ ಸುಮಾರು 40 ಕಿ.ಮೀ. ದೂರ. ಭಾಲ್ಕಿಗೆ ರೈಲಿದೆ, ಔರಾದಕ್ಕೆ ಇಲ್ಲ. ಬೀದರ್‌ನಿಂದ ಕಲಬುರಗಿಗೆ ನೂರಕ್ಕೂ ಹೆಚ್ಚು ಕಿ.ಮೀ., ಹೈದರಾಬಾದಿಗೆ ಅದಕ್ಕಿಂತ ತುಸು ಹೆಚ್ಚು, ಬೆಂಗಳೂರಿಗೆ ಸುಮಾರು 700.

ಈ ಅಂಕಿಗಳೇ ರೋಗಿಯ ದಾರಿಯನ್ನು ನಿರ್ಧರಿಸುತ್ತವೆ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ರಾಜ್ಯ ಬದಲಾದರೂ ದೊಡ್ಡ ದವಾಖಾನೆ ಎಂದರೆ ಹೈದರಾಬಾದು ಎಂಬ ರೂಢಿ ಉಳಿಯಿತು. ಔರಾದ, ಕಮಲನಗರದ ಕಡೆಯವರು ಮಹಾರಾಷ್ಟ್ರದ ಉದಗೀರ, ಲಾತೂರಿನತ್ತಲೂ ಹೋಗುತ್ತಾರೆ. ಹೀಗೆ ಒಬ್ಬನೇ ರೋಗಿಯ ಚಿತ್ರಗಳು ಮೂರು ರಾಜ್ಯಗಳಲ್ಲಿ ಹರಡಿಕೊಳ್ಳುತ್ತವೆ. ಹಳೆಯ ಸ್ಕ್ಯಾನಿನ ಫಿಲ್ಮು ಮನೆಯ ಟ್ರಂಕಿನಲ್ಲಿ, ಅದರ ವರದಿ ಇನ್ನೊಂದು ಊರಿನ ಕಂಪ್ಯೂಟರಿನಲ್ಲಿ. ಗಡ್ಡೆ ಬೆಳೆದಿದೆಯೋ ಇಲ್ಲವೋ ಎಂಬುದನ್ನು ಹೇಳಲು ಹಳೆಯ ಚಿತ್ರವೇ ಬೇಕು. ಅದು ಕೈಗೆ ಸಿಗದಿದ್ದರೆ ಎಷ್ಟು ನುರಿತ ವೈದ್ಯರಾದರೂ ಮತ್ತೊಂದು ಸ್ಕ್ಯಾನ್ ಬರೆಯಬೇಕಾಗುತ್ತದೆ.

ಸರ್ಕಾರದ ಯೋಜನೆಗಳು ಈ ದಾರಿಯನ್ನು ಸ್ವಲ್ಪ ಹಗುರ ಮಾಡಿವೆ. 108 ಆಂಬುಲೆನ್ಸ್ 2008ರಲ್ಲಿ ಬಂತು. ದೊಡ್ಡ ಕಾಯಿಲೆಗಳ ಖರ್ಚು ಭರಿಸುವ ವಾಜಪೇಯಿ ಆರೋಗ್ಯಶ್ರೀಯನ್ನು 2010ರಲ್ಲಿ ಮೊದಲು ಜಾರಿಗೆ ತಂದದ್ದು ಬೀದರ್ ಸೇರಿದ ಗುಲ್ಬರ್ಗಾ ವಿಭಾಗದಲ್ಲೇ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಲಕ್ವಾ, ಫಿಟ್ಸ್, ತಲೆನೋವು, ಮರೆಗುಳಿತನಗಳನ್ನು ಜಿಲ್ಲಾ ಮಟ್ಟದಲ್ಲೇ ಗುರುತಿಸಿ ಚಿಕಿತ್ಸೆ ಮಾಡುವ ಗುರಿ ಇಟ್ಟುಕೊಂಡಿದೆ. ನ್ಯೂರೋರೇಡಿಯಾಲಜಿಯ ಬೆಂಬಲ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಈ ಕಾರ್ಯಕ್ರಮಕ್ಕೆ.

ಲಕ್ವಾ: ಗಡಿಯಾರದ ಜೊತೆ ಓಟ

ಬೀದರ್ ಕಡೆ ಪಾರ್ಶ್ವವಾಯುವಿಗೆ ‘ಲಕ್ವಾ ಹೊಡೀತು’ ಎನ್ನುತ್ತಾರೆ. ಹತ್ತರಲ್ಲಿ ಎಂಟರಷ್ಟು ಲಕ್ವಾ ರಕ್ತನಾಳ ಕಟ್ಟಿಕೊಂಡು ಬರುವಂಥದ್ದು, ಉಳಿದದ್ದು ರಕ್ತಸ್ರಾವದಿಂದ. ನಮ್ಮ ದೇಶದಲ್ಲಿ ರಕ್ತಸ್ರಾವದ ಪಾಲು ಇದಕ್ಕಿಂತ ತುಸು ಹೆಚ್ಚಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಬಾಯಿ ಸೊಟ್ಟಗಾಗುತ್ತದೆ, ಕೈಕಾಲು ಸೋಲುತ್ತವೆ, ಮಾತು ತೊದಲುತ್ತದೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಹೆಪ್ಪು ಕರಗಿಸುವ ಔಷಧಿಯನ್ನು ರಕ್ತಸ್ರಾವ ಆದವರಿಗೆ ಕೊಟ್ಟರೆ ಜೀವಕ್ಕೇ ಕುತ್ತು. ಇವೆರಡನ್ನು ಬೇರ್ಪಡಿಸುವುದು ಸಾದಾ ಸಿ.ಟಿ. ಸ್ಕ್ಯಾನ್, ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ.

ಆ ನಿಮಿಷಗಳ ಬೆಲೆಯನ್ನು ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಔಷಧಿಗೆ 1995ರ ಅಧ್ಯಯನ 3 ಗಂಟೆಯ ಗಡುವು ಹಾಕಿತ್ತು, 2008ರ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೊಡೆಯ ಅಥವಾ ಮಣಿಕಟ್ಟಿನ ಧಮನಿಯಿಂದ ನಳಿಕೆ ತೂರಿಸಿ ಮೆದುಳಿನ ನಾಳದ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರಲ್ಲಿ ಹಲವು ದೇಶಗಳ ಪ್ರಯೋಗಗಳಿಂದ ಖಚಿತವಾಯಿತು. ಮೆದುಳಿನ ಎಷ್ಟು ಭಾಗ ಇನ್ನೂ ಉಳಿದಿದೆ ಎಂಬುದನ್ನು ಚಿತ್ರದಿಂದ ಅಳೆದು ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಹೀಗೆ ಮಾಡಬಹುದೆಂದು 2018ರಲ್ಲಿ ತಿಳಿಯಿತು. ಗಡುವನ್ನು ಗಡಿಯಾರದ ಜೊತೆಗೆ ಚಿತ್ರವೂ ನಿರ್ಧರಿಸುವ ಹೊಸ ಕಾಲ ಅಲ್ಲಿಂದ ಶುರುವಾಯಿತು. ದೂರದ ಊರಿನವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಔರಾದದ ಹಳ್ಳಿಯೊಂದರಲ್ಲಿ ಬೆಳಿಗ್ಗೆ 6ಕ್ಕೆ ಲಕ್ವಾ ಹೊಡೆದರೆ ಮನೆಯವರಿಗೆ ಗೊತ್ತಾಗಿ, ವಾಹನ ಸಿಕ್ಕಿ, ಬೀದರ್ ಮುಟ್ಟುವಷ್ಟರಲ್ಲಿ ಎರಡು ಗಂಟೆ ಸುಲಭವಾಗಿ ಕಳೆದಿರುತ್ತದೆ. ಇನ್ನುಳಿದ ಹೊತ್ತಿನಲ್ಲಿ ಸ್ಕ್ಯಾನ್ ತೆಗೆದು, ಓದಿ, ಸೂಜಿ ಚುಚ್ಚಬೇಕು. ಆದ್ದರಿಂದ ವಿಭಾಗದ ಮೊದಲ ಗುರಿ ಬಹಳ ಸರಳ: ಲಕ್ವಾ ರೋಗಿಯ ಸಿ.ಟಿ. ಯಾರ ಸರದಿಗೂ ಕಾಯಬಾರದು. ಮುಂಗಡ ಹಣ, ಚೀಟಿ, ಸಹಿ ಆಮೇಲೆ.

ಓದುವ ಕೆಲಸ ಎಷ್ಟು ಸೂಕ್ಷ್ಮ ಎಂಬುದನ್ನು ಹತ್ತಿರದಿಂದ ನೋಡಬೇಕು. ಸಿ.ಟಿ. ಚಿತ್ರದ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಹೆಸರಿನ ಮಾನದಲ್ಲಿ ಒಂದು ಅಂಕಿ ಇದೆ. ನೀರಿಗೆ 0, ಗಾಳಿಗೆ ಮೈನಸ್ 1000. ಮೆದುಳಿನ ಬೂದು ಭಾಗಕ್ಕೆ 40ರ ಆಸುಪಾಸು, ಬಿಳಿ ಭಾಗಕ್ಕೆ 30ರ ಆಸುಪಾಸು, ಹೊಸ ರಕ್ತಕ್ಕೆ 60ರ ಮೇಲೆ. ನಾಳ ಕಟ್ಟಿಕೊಂಡ ಮೊದಲ ಗಂಟೆಗಳಲ್ಲಿ ಬೂದು ಭಾಗದ ಅಂಕಿ ಇಳಿಯುವುದು ಎರಡೋ ಮೂರೋ ಮಾತ್ರ. ಬೂದು, ಬಿಳಿ ಭಾಗಗಳ ನಡುವಿನ ಗೆರೆ ಒಂದು ಕಡೆ ಮಸುಕಾಗುತ್ತದೆ, ಇನ್ನೊಂದು ಕಡೆ ಸ್ಪಷ್ಟವಾಗಿಯೇ ಇರುತ್ತದೆ. ಕಂಪ್ಯೂಟರ್ ಪರದೆಯ ಬೆಳಕು-ನೆರಳಿನ ಹರವನ್ನು ಕಿರಿದು ಮಾಡಿದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮಧ್ಯದ ದೊಡ್ಡ ಧಮನಿಯ ಪ್ರದೇಶವನ್ನು ಹತ್ತು ಭಾಗ ಮಾಡಿ, ಕೆಟ್ಟ ಪ್ರತಿ ಭಾಗಕ್ಕೂ ಒಂದು ಅಂಕ ಕಳೆಯುವ ಆಸ್ಪೆಕ್ಟ್ಸ್ ಕ್ರಮವನ್ನು ಕೆನಡಾದ ಕ್ಯಾಲ್ಗರಿಯವರು 2000ದಲ್ಲಿ ಕೊಟ್ಟದ್ದು ಇದೇ ಮಸುಕನ್ನು ಎಲ್ಲರೂ ಒಂದೇ ರೀತಿ ಅಳೆಯಲೆಂದು.

ಈಗ ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವ ರೂಢಿ ಎಲ್ಲೆಡೆ ಇದೆ. ಅದರಿಂದ ಉಳಿದ ಜೀವಗಳೂ ಇವೆ. ದೊಡ್ಡ ರಕ್ತಸ್ರಾವ, ಬುರುಡೆಯ ದೊಡ್ಡ ಬಿರುಕು ಆ ಫೋಟೊದಲ್ಲಿ ಕಾಣುತ್ತವೆ. ಎರಡು ಮೂರು ಅಂಕಿಯ ಆ ಮಸುಕು ಕಾಣುವುದಿಲ್ಲ, ಏಕೆಂದರೆ ಫೋಟೊದಲ್ಲಿ ಬೆಳಕು-ನೆರಳನ್ನು ಬದಲಿಸಿ ನೋಡುವ ಅವಕಾಶವೇ ಇರುವುದಿಲ್ಲ. ಮೂಲ ಅಂಕಿಗಳಿರುವ ಡೈಕಾಮ್ ಕಡತವನ್ನೇ ದೂರದ ಓದುಗನಿಗೆ ಕಳಿಸುವ ವ್ಯವಸ್ಥೆ ಇದಕ್ಕೆ ಪರಿಹಾರ. ಅದಕ್ಕೆ ಬೇಕಾದದ್ದು ಗಟ್ಟಿ ಇಂಟರ್ನೆಟ್ಟು, ಒಂದು ಸರ್ವರು, ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರುವ ಓದುಗ. ಮೂರರಲ್ಲಿ ಕೊನೆಯದೇ ಕಷ್ಟ.

ಫಿಟ್ಸ್ ಮತ್ತು ಸಣ್ಣ ಉಂಗುರ

ಫಿಟ್ಸ್‌ಗೆ ಈ ಸೀಮೆಯಲ್ಲಿ ಮಿರ್ಗಿ ಎಂಬ ಹೆಸರೂ ಇದೆ. ಬೆಂಗಳೂರಿನ ನಗರ ಮತ್ತು ಸುತ್ತಲ ಹಳ್ಳಿಗಳ 1,02,557 ಜನರನ್ನು ನಿಮ್ಹಾನ್ಸ್ ತಂಡ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ 8.8 ಜನರಲ್ಲಿ ಮೂರ್ಛೆ ರೋಗ ಕಂಡಿತು. ನಗರದಲ್ಲಿ ಅದು 5.7, ಹಳ್ಳಿಗಳಲ್ಲಿ 11.9. ಹಳ್ಳಿಯಲ್ಲಿ ಎರಡರಷ್ಟು ಎಂಬ ಈ ಅಂಶ ಬೀದರ್‌ನಂಥ ಜಿಲ್ಲೆಗೆ ಮುಖ್ಯ.

ಆರೋಗ್ಯವಾಗಿದ್ದ ಶಾಲೆಯ ಮಗುವಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂದು, ಬಣ್ಣದ್ರವ ಕೊಟ್ಟು ಸಿ.ಟಿ. ಮಾಡಿದಾಗ ಒಂದೇ ಒಂದು ಸಣ್ಣ ಬಿಳಿ ಉಂಗುರ ಕಾಣುವುದು ಭಾರತದ ಆಸ್ಪತ್ರೆಗಳಲ್ಲಿ ಪದೇ ಪದೇ ನಡೆಯುವ ಪ್ರಸಂಗ. ಒಂದು ಕಾಲದಲ್ಲಿ ಇದನ್ನು ಕ್ಷಯದ ಗಂಟು ಎಂದು ಹೇಳಿ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಇಂಥ ಗಂಟುಗಳ ಚೂರು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಹಂದಿ ಲಾಡಿಹುಳುವಿನ ಮರಿಕೋಶಗಳೆಂದು ತೋರಿಸಿದರು. 1993ರಲ್ಲಿ ಅವರು ಪ್ರಕಟಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಉಂಗುರ ದುಂಡಗಿದ್ದು 20 ಮಿ.ಮೀ.ಗಿಂತ ಚಿಕ್ಕದಾಗಿದ್ದು, ಸುತ್ತಲಿನ ಬಾವು ಮೆದುಳಿನ ನಡುಗೆರೆಯನ್ನು ಸರಿಸದಿದ್ದರೆ ಅದು ಲಾಡಿಹುಳು. ಅಡ್ಡಾದಿಡ್ಡಿ ಆಕಾರದ್ದು, ದೊಡ್ಡದು, ನಡುಗೆರೆ ಸರಿಸಿದ್ದು ಕ್ಷಯದ ಕಡೆಗೆ ಬೆರಳು ತೋರುತ್ತದೆ. ಎಂಆರ್‌ಐಯಲ್ಲಿ ಉಂಗುರದ ಒಳಗೆ ಒಂದು ಬದಿಗೆ ಚುಕ್ಕೆ ಕಂಡರೆ ಅದು ಹುಳುವಿನ ತಲೆ, ಅಲ್ಲಿಗೆ ಅನುಮಾನ ಮುಗಿಯಿತು. ಬಡ ದೇಶದ ಆಸ್ಪತ್ರೆಯೊಂದು ತನ್ನ ಮುಂದಿದ್ದ ಚಿತ್ರಗಳನ್ನೇ ದಿಟ್ಟಿಸಿ ನೋಡಿ ಎಷ್ಟೋ ಮಕ್ಕಳನ್ನು ಬೇಡದ ಔಷಧಿಯಿಂದ ಪಾರು ಮಾಡಿದ ಈ ಕೆಲಸ, ನಮ್ಮ ನೆಲದ ನ್ಯೂರೋರೇಡಿಯಾಲಜಿ ಸಂಶೋಧನೆಗೆ ಮಾದರಿ ಎಂದರೆ ಉತ್ಪ್ರೇಕ್ಷೆಯಲ್ಲ.

ಬೀದರ್‌ನಲ್ಲಿ ಇದನ್ನು ಹೇಳುವಾಗ ಎದುರಾಗುವ ಪ್ರಶ್ನೆ ಗೊತ್ತಿರುವಂಥದ್ದೇ: ‘ನಮ್ಮ ಮನ್ಯಾಗ ಯಾರೂ ಮಾಂಸ ಮುಟ್ಟಲ್ರೀ, ಹಂದಿ ಹುಳ ಹ್ಯಾಂಗ ಬಂತ್ರೀ?’ ಮುಸ್ಲಿಂ ಮನೆಯವರೂ ಇದನ್ನೇ ಕೇಳುತ್ತಾರೆ. ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಬೆಳೆಯುವುದು ಉದ್ದನೆಯ ಲಾಡಿಹುಳು. ಅವರ ಮಲದ ಮೂಲಕ ಹೊರಬಂದ ಮೊಟ್ಟೆ ಮಣ್ಣಿಗೆ, ನೀರಿಗೆ, ಹಸಿ ಸೊಪ್ಪಿಗೆ, ಕೈಗೆ ಅಂಟಿ ಯಾರ ಬಾಯಿಗೆ ಹೋದರೂ ಮರಿಕೋಶ ಮೆದುಳು ಸೇರಬಹುದು. ಸಸ್ಯಾಹಾರಿಗೂ ಬರುತ್ತದೆ. ರೋಗದ ಮೂಲ ಶೌಚಾಲಯ ಮತ್ತು ಕುಡಿಯುವ ನೀರಿನಲ್ಲಿದೆ ಎಂದು ವಿವರಿಸದೆ ವರದಿಯಲ್ಲಿ ಬರೀ ಹೆಸರು ಬರೆದು ಕೊಟ್ಟರೆ ಮನೆಯವರಿಗೆ ಅವಮಾನವಾಗುತ್ತದೆ, ಕೆಲವರು ಚಿಕಿತ್ಸೆಯನ್ನೇ ಬಿಡುತ್ತಾರೆ.

ಬಾಣಂತಿಯ ತಲೆನೋವು

ಹೆರಿಗೆಯಾದ ಮೊದಲ ವಾರಗಳಲ್ಲಿ ತಡೆಯಲಾರದ ತಲೆನೋವು, ಫಿಟ್ಸ್, ಅಸಂಬದ್ಧ ಮಾತು, ಒಂದು ಕೈಕಾಲಿನ ಸೋಲು ಕಾಣಿಸಿಕೊಂಡರೆ ಮನೆಯಲ್ಲಿ ಅದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ, ಗಾಳಿ ಸೋಕಿತು ಎನ್ನುವವರೂ ಇದ್ದಾರೆ. ಇವುಗಳಲ್ಲಿ ಹಲವು ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಬರುವಂಥವು. ಹೆರಿಗೆಯ ನಂತರ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚು. ಅದರ ಮೇಲೆ ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ, ರಕ್ತಹೀನತೆ, ಸೋಂಕು ಸೇರಿದರೆ ಅಪಾಯ ಏರುತ್ತದೆ. ನಿಮ್ಹಾನ್ಸ್‌ನ ನರರೋಗ ತಜ್ಞ ಡಿ. ನಾಗರಾಜ ಮತ್ತು ಸಂಗಡಿಗರು ಈ ರೋಗವನ್ನು ವರ್ಷಗಳ ಕಾಲ ಅಧ್ಯಯನ ಮಾಡಿದರು.

ಇಲ್ಲಿ ಚಿತ್ರ ಓದುವವರ ಹೊಣೆ ಬೇರೆಲ್ಲಕ್ಕಿಂತ ತೂಕದ್ದು. ಸಾದಾ ಸಿ.ಟಿ.ಯಲ್ಲಿ ಮೆದುಳಿನೊಳಗೆ ರಕ್ತದ ಕಲೆ ಕಂಡಾಗ ರಕ್ತಸ್ರಾವ ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆದರೆ ಹೆಪ್ಪು ತಡೆಯುವ ಔಷಧಿಯನ್ನು ಯಾರೂ ಕೊಡುವುದಿಲ್ಲ. ಆದರೆ ಈ ರಕ್ತ ಹೊರಬಂದದ್ದು ಅಭಿಧಮನಿ ಕಟ್ಟಿಕೊಂಡು ಹಿಂದೊತ್ತಿದ ಕಾರಣಕ್ಕೆ. ಇಲ್ಲಿ ರಕ್ತದ ಕಲೆ ಇದ್ದರೂ ಹೆಪ್ಪು ತಡೆಯುವ ಹೆಪರಿನ್ ಕೊಡಬೇಕು, ಅದರಿಂದಲೇ ರೋಗಿ ಚೇತರಿಸಿಕೊಳ್ಳುತ್ತಾಳೆ. ಜರ್ಮನಿಯ ಕಾರ್ಲ್ ಐನ್‌ಹಾಯ್ಪಲ್ ಮತ್ತು ಸಂಗಡಿಗರ 1991ರ ಅಧ್ಯಯನ ಇದನ್ನು ಹೇಳಿತು. ಹಾಗಾಗಿ ಓದುವವರು ಕಲೆಯ ಆಕಾರ ನೋಡಬೇಕು. ಅದು ಯಾವ ಧಮನಿಯ ಪ್ರದೇಶಕ್ಕೂ ಹೊಂದುತ್ತಿಲ್ಲವೇ? ಎರಡೂ ಬದಿಗೆ ಇದೆಯೇ? ಬುರುಡೆಯ ನಡುಗೆರೆಯಲ್ಲಿ ಹಿಂದಕ್ಕೆ ಸಾಗುವ ದೊಡ್ಡ ಅಭಿಧಮನಿ ಬೇಕಾದ್ದಕ್ಕಿಂತ ಬೆಳ್ಳಗಿದೆಯೇ? ಬಣ್ಣದ್ರವ ಕೊಟ್ಟ ಮೇಲೆ ಅದರ ಅಡ್ಡಸೀಳಿನಲ್ಲಿ ಸುತ್ತ ಬಿಳಿ, ನಡುವೆ ಕಪ್ಪು ತ್ರಿಕೋನ ಕಾಣುತ್ತಿದೆಯೇ? ಇಷ್ಟು ಕೇಳಿಕೊಳ್ಳುವ ಕಣ್ಣು ಇದ್ದರೆ ಸಾದಾ ಯಂತ್ರವೂ ಸಾಕು. ಜೊತೆಗೆ ಸ್ಕ್ಯಾನ್ ಚೀಟಿಯ ಮೇಲೆ ‘ಹೆರಿಗೆಯಾಗಿ ಹನ್ನೆರಡು ದಿನ’ ಎಂದು ಯಾರಾದರೂ ಬರೆದಿರಬೇಕು. ಆ ಒಂದು ಸಾಲು ಇಲ್ಲದ ಚೀಟಿಗಳೇ ಹೆಚ್ಚು.

ಉಳಿದ ರೋಗಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗಬಹುದು. ಬೈಕಿನಿಂದ ಬಿದ್ದ ತಲೆಪೆಟ್ಟು, ಕ್ಷಯದಿಂದ ಸವೆದ ಬೆನ್ನೆಲುಬು ಮತ್ತು ಮೆದುಳಿನ ಪೊರೆಯ ಸೋಂಕು, ಗಡ್ಡೆಗಳು, ಹುಟ್ಟಿನಿಂದ ಬಂದ ಬೆನ್ನುಹುರಿಯ ದೋಷಗಳು ದಿನನಿತ್ಯದ ಕೆಲಸದ ದೊಡ್ಡ ಪಾಲು. ಮೆದುಳಿನ ಧಮನಿಯ ಉಬ್ಬು ಒಡೆದವರಿಗೆ ನಳಿಕೆಯಿಂದ ಪ್ಲಾಟಿನಂ ಸುರುಳಿ ತುಂಬುವ ಚಿಕಿತ್ಸೆ 1990ರ ದಶಕದಿಂದ ಇದೆ. ಅದಕ್ಕೆ ಬೇಕಾದ ಕ್ಯಾತ್‌ಲ್ಯಾಬು, ತಂಡ, ತೀವ್ರ ನಿಗಾ ಘಟಕ ಪ್ರತಿ ಜಿಲ್ಲೆಯಲ್ಲೂ ಇರಲಾರವು, ಇರಬೇಕಾಗಿಯೂ ಇಲ್ಲ. ಜಿಲ್ಲೆಯಲ್ಲಿ ಇರಬೇಕಾದದ್ದು ಉಬ್ಬು ಒಡೆದಿದೆ ಎಂದು ಮೊದಲ ದಿನವೇ ಗುರುತಿಸಿ, ಎಲ್ಲಿಗೆ ಕಳಿಸಬೇಕೆಂದು ತಿಳಿದು, ಚಿತ್ರವನ್ನು ರೋಗಿಗಿಂತ ಮುಂಚೆ ಅಲ್ಲಿಗೆ ಮುಟ್ಟಿಸುವ ವ್ಯವಸ್ಥೆ.

ಅಯಸ್ಕಾಂತದ ಕೋಣೆ

ಎಂಆರ್‌ಐ ಕೋಣೆಯ ಅಯಸ್ಕಾಂತ ದಿನದ 24 ಗಂಟೆಯೂ ಕೆಲಸ ಮಾಡುತ್ತಿರುತ್ತದೆ. ಪರೀಕ್ಷೆ ನಡೆಯದಿದ್ದಾಗಲೂ ಅದು ಆರಿರುವುದಿಲ್ಲ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಸಂಬಂಧಿಯೊಬ್ಬರು ಯಂತ್ರಕ್ಕೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ ತಡೆದು ಕೇಳುವ ಟೆಕ್ನಿಷಿಯನ್ ಈ ವಿಭಾಗದ ಮೊದಲ ವೈದ್ಯನಷ್ಟೇ ಮುಖ್ಯ.

ಬೀದರ್ ಸೀಮೆಯಲ್ಲಿ ಆ ಮಾತುಕತೆಗೆ ತನ್ನದೇ ನಯ ಬೇಕು. ಮೂಗುತಿ, ಕಾಲುಂಗುರ, ತಾಳಿ, ಸೊಂಟದ ಉಡದಾರ, ತೋಳಿನ ತಾಯಿತ ಎಲ್ಲವನ್ನೂ ತೆಗೆಯಬೇಕು. ತಾಯಿತದ ಒಳಗೆ ಕಬ್ಬಿಣದ ಚೂರು ಇರಬಹುದು. ಲಿಂಗವಂತರ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಇರುತ್ತದೆ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲವಾದರೂ ರೇಡಿಯೋ ತರಂಗಗಳಿಂದ ಲೋಹ ಬಿಸಿಯಾಗಬಹುದು, ಕತ್ತಿನ ಬೆನ್ನೆಲುಬಿನ ಚಿತ್ರ ಕೆಡುತ್ತದೆ. ಬಸವಣ್ಣನವರ ಕಲ್ಯಾಣ ಇರುವ ಈ ಜಿಲ್ಲೆಯಲ್ಲಿ ವಯಸ್ಸಾದವರಿಗೆ ಅದನ್ನು ಕೊರಳಿಂದ ಇಳಿಸುವುದೆಂದರೆ ದೊಡ್ಡ ಮಾತು. ‘ತೆಗೀರಿ, ತೆಗೀರಿ’ ಎಂದು ಅವಸರ ಮಾಡುವ ಬದಲು ‘ಅಜ್ಜಾರ, ನಿಮ್ಮ ಮಗನ ಕೈಯಾಗ ಕೊಡ್ರಿ, ಹೊರಗ ಬಂದ ಕೂಡ್ಲೇ ಕಟ್ಕೋರಿ’ ಎಂದು ಕಾರಣ ಸಹಿತ ಹೇಳಿದರೆ ಯಾರೂ ಒಲ್ಲೆ ಎನ್ನುವುದಿಲ್ಲ. ಇದು ಯಾವ ಪಠ್ಯದಲ್ಲೂ ಇರುವುದಿಲ್ಲ, ವಿಭಾಗ ತನ್ನ ಸಿಬ್ಬಂದಿಗೆ ಕಲಿಸಬೇಕು.

ಬೋಧನೆ

ನ್ಯೂರೋರೇಡಿಯಾಲಜಿ ತಜ್ಞ ತಯಾರಾಗಲು ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ಎಂ.ಡಿ., ಆಮೇಲೆ ಮೂರು ವರ್ಷ ಡಿ.ಎಂ. ಬೇಕು. ಇಷ್ಟು ಓದಿದವರು ಭಾಲ್ಕಿಯಲ್ಲಿ ನೆಲೆಸುತ್ತಾರೆಂದು ಕಾಯುವುದು ಫಲವಿಲ್ಲದ ಮಾತು. ಹಾಗಾಗಿ ದೂರದ ತಾಲ್ಲೂಕುಗಳ ದೃಷ್ಟಿಯಿಂದ ಡಿ.ಎಂ. ಪದವೀಧರರ ಸಂಖ್ಯೆಗಿಂತ ದೊಡ್ಡ ಬೋಧನಾ ಗುರಿ ಇನ್ನೊಂದಿದೆ. ತುರ್ತು ಚಿಕಿತ್ಸೆಯ ಪಾಳಿಯಲ್ಲಿರುವ ಸಾಮಾನ್ಯ ವೈದ್ಯರು, ಮಕ್ಕಳ ವೈದ್ಯರು, ಪ್ರಸೂತಿ ವೈದ್ಯರು ತಲೆಯ ಸಿ.ಟಿ.ಯನ್ನು ಕ್ರಮವಾಗಿ ನೋಡಲು ಕಲಿಯಬೇಕು: ರಕ್ತ ಇದೆಯೇ, ನಡುಗೆರೆ ಸರಿದಿದೆಯೇ, ಕುಹರಗಳು ಹಿಗ್ಗಿವೆಯೇ, ಮೆದುಳಿನ ಮಡಿಕೆಗಳು ಎರಡೂ ಬದಿಯಲ್ಲಿ ಒಂದೇ ರೀತಿ ಇವೆಯೇ, ಎಲುಬು ಒಡೆದಿದೆಯೇ. ಮಸೂರದಂತೆ ಉಬ್ಬಿದ ರಕ್ತಗಡ್ಡೆ ಬುರುಡೆ ಮತ್ತು ಹೊರಪೊರೆಯ ನಡುವಿನದು, ಕುಡುಗೋಲಿನಂತೆ ಬಾಗಿದ್ದು ಪೊರೆಯ ಒಳಗಿನದು. ಮೊದಲನೆಯದರಲ್ಲಿ ರೋಗಿ ಸ್ವಲ್ಪ ಹೊತ್ತು ಚೆನ್ನಾಗಿಯೇ ಮಾತಾಡಿ ಆಮೇಲೆ ಹಠಾತ್ತನೆ ಕುಸಿಯಬಹುದು. ಇಷ್ಟನ್ನು ಒಬ್ಬ ಉತ್ಸಾಹಿ ವೈದ್ಯ ಕೆಲವು ವಾರಗಳ ಅಭ್ಯಾಸದಲ್ಲಿ ಕಲಿಯಬಲ್ಲ.

ಇದಕ್ಕೊಂದು ಬಾಗಿಲು ಈಗಾಗಲೇ ತೆರೆದಿದೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳೆಲ್ಲರೂ ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು 2020ರಲ್ಲಿ ನಿಯಮವಾಯಿತು. ರೇಡಿಯಾಲಜಿ ವಿದ್ಯಾರ್ಥಿ ಈ ಅವಧಿಯಲ್ಲಿ ತಾನು ಬರೆದ ವರದಿಯ ರೋಗಿ ಮುಂದೇನಾದ ಎಂದು ವಾರ್ಡಿಗೆ ಹೋಗಿ ನೋಡಿದರೆ, ತಪ್ಪಿ ಓದಿದ್ದನ್ನು ಹಿರಿಯರ ಮುಂದಿಟ್ಟು ಚರ್ಚಿಸಿದರೆ ಆ ಮೂರು ತಿಂಗಳು ಸಾರ್ಥಕ. ಯಾರನ್ನೂ ದೂಷಿಸದೆ ತಪ್ಪುಗಳನ್ನು ಬಿಡಿಸಿ ನೋಡುವ ಇಂಥ ಸಭೆ ಒಳ್ಳೆಯ ವಿಭಾಗಗಳಲ್ಲಿ ಕಡ್ಡಾಯ.

ಭಾಷೆಯೂ ಬೋಧನೆಯ ಭಾಗ. ವರದಿ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಓದಬೇಕಾದ ಮನೆಯವರು ಕನ್ನಡ, ಮರಾಠಿ, ದಖನಿ ಉರ್ದು ಇಲ್ಲವೇ ತೆಲುಗಿನವರು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚೆನ್ನಬಸವ ಪಟ್ಟದ್ದೇವರ ಊರು ಭಾಲ್ಕಿ. ಆ ಊರಿನ ರೋಗಿಗೆ ತನ್ನ ಮೆದುಳಿನ ವಿಚಾರ ತನ್ನ ಮಾತಿನಲ್ಲಿ ತಿಳಿಯಬೇಕೆಂಬುದು ದೊಡ್ಡ ಬೇಡಿಕೆಯೇನಲ್ಲ. ವರದಿಯ ಕೊನೆಯಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯುವುದನ್ನು ರೇಡಿಯಾಲಜಿ ವಿದ್ಯಾರ್ಥಿಗೆ ಮೊದಲ ವರ್ಷವೇ ಕಲಿಸಬಹುದು: ಏನು ಕಂಡಿದೆ, ಅದು ಎಷ್ಟು ತುರ್ತು, ಮತ್ತೆ ಸ್ಕ್ಯಾನ್ ಯಾವಾಗ, ಈ ಚಿತ್ರವನ್ನು ಯಾಕೆ ಜೋಪಾನ ಮಾಡಬೇಕು.

ಸಂಶೋಧನೆ

ಸಂಶೋಧನೆ ಎಂದರೆ ದೊಡ್ಡ ಅಯಸ್ಕಾಂತ, ದೊಡ್ಡ ಅನುದಾನ ಎಂಬ ಭಾವನೆ ಸರಿಯಲ್ಲ. ಬಿಸಿನೀರನ್ನು ತಲೆಯ ಮೇಲೆ ಹೊಯ್ದುಕೊಂಡಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಾಣುತ್ತದೆ ಎಂಬುದನ್ನು ಕೆ.ಎಸ್. ಮಣಿ, ಅವರ ನಂತರ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮೊದಲಾದವರು ಜಗತ್ತಿನ ಗಮನಕ್ಕೆ ತಂದರು. ಅದರ ಆರಂಭ ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವುದರಲ್ಲಿತ್ತು.

ತಲೆಯ ಸಿ.ಟಿ.ಯನ್ನು ತಾನೇ ಓದಿ ರಕ್ತಸ್ರಾವ, ಎಲುಬಿನ ಬಿರುಕುಗಳನ್ನು ಎತ್ತಿ ತೋರಿಸುವ ಕಂಪ್ಯೂಟರ್ ಕ್ರಮವಿಧಿಯನ್ನು ಮುಂಬೈನ ಕ್ಯೂರ್ ಡಾಟ್ ಎಐ ಸಂಸ್ಥೆಯವರು ಭಾರತದ ಕೇಂದ್ರಗಳ ಮೂರು ಲಕ್ಷಕ್ಕೂ ಹೆಚ್ಚು ಸ್ಕ್ಯಾನ್‌ಗಳಿಂದ ರೂಪಿಸಿ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸರದಿಯಲ್ಲಿರುವ ಐವತ್ತು ಸ್ಕ್ಯಾನ್‌ಗಳಲ್ಲಿ ಯಾವುದನ್ನು ಮೊದಲು ತೆರೆಯಬೇಕು ಎಂದು ಹೇಳಲು ಇಂಥದ್ದು ಬಹಳ ಉಪಯುಕ್ತ. ಆದರೆ ಬಾಣಂತಿಯ ಅಭಿಧಮನಿ ಹೆಪ್ಪಿನಂಥ, ಚೀಟಿಯ ಒಂದು ಸಾಲಿನ ಮೇಲೆ ನಿಂತಿರುವ ರೋಗನಿರ್ಣಯವನ್ನು ಅದರ ಕೈಗೆ ಬಿಡಲಾಗದು. ಜಿಲ್ಲೆಯ ವಿಭಾಗ ಮಾಡಬೇಕಾದ ಸಂಶೋಧನೆ ಅದೇ: ತನ್ನ ರೋಗಿಗಳಲ್ಲಿ ಆ ಕ್ರಮವಿಧಿ ಎಲ್ಲಿ ಎಡವುತ್ತದೆ ಎಂದು ಲೆಕ್ಕ ಇಡುವುದು.

ಬೀದರ್ ಸೀಮೆಯೇ ಒದಗಿಸುವ ಇನ್ನೊಂದು ಅಪರೂಪದ ಪ್ರಶ್ನೆ ಭಾಷೆಯದು. ಔರಾದದಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಆಡುವವರು ಸಾಕಷ್ಟು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 648 ಮರೆಗುಳಿ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಪ್ರಸಿದ್ಧವಾಗಿದೆ: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಮಾತಾಡುವಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ ಎಂದು ತೋರಿಸುವ ಕ್ರಿಯಾತ್ಮಕ ಎಂಆರ್‌ಐಯ ತತ್ತ್ವವನ್ನು ಸೈಜಿ ಒಗಾವಾ 1990ರಲ್ಲೇ ಹೇಳಿದ್ದರು. ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾತಿನ ಜಾಗ ಗುರುತಿಸಲು ಇದನ್ನು ಬಳಸುತ್ತಾರೆ. ಬರೀ ಇಂಗ್ಲಿಷ್ ಪದಪಟ್ಟಿಯಿಂದ ಔರಾದದ ರೈತನ ಮಾತಿನ ಜಾಗ ಗುರುತಿಸಲು ಹೋದರೆ ಚಿತ್ರ ತಪ್ಪು ದಾರಿ ತೋರಿಸುತ್ತದೆ. ಮರಾಠಿ, ಕನ್ನಡ, ದಖನಿ ಮೂರರಲ್ಲೂ ಸಮನಾಗಿ ತೂಗಿದ ಪರೀಕ್ಷೆಗಳನ್ನು ಸಿದ್ಧಪಡಿಸುವುದು ಇಲ್ಲಿನವರೇ ಚೆನ್ನಾಗಿ ಮಾಡಬಲ್ಲ ಕೆಲಸ.

ಹಳ್ಳಿಯವರ ಮೆದುಳಿಗೆ ಹೇಗೆ ವಯಸ್ಸಾಗುತ್ತದೆ ಎಂಬ ದೊಡ್ಡ ಅಧ್ಯಯನವೊಂದು ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆಯುತ್ತಿದೆ. ಪಾಲ್ಗೊಂಡವರ ಎಂಆರ್‌ಐಯೂ ಅದರ ಭಾಗ. ಅಂಥದ್ದು ಕಲ್ಯಾಣ ಕರ್ನಾಟಕದಲ್ಲೂ ಆಗಬೇಕು. ಆಗುವಾಗ ಒಂದು ವಿಷಯವನ್ನು ಮೊದಲೇ ಬರೆದಿಡಬೇಕು. ಆರೋಗ್ಯವಂತರೆಂದು ಸ್ವಯಂಪ್ರೇರಣೆಯಿಂದ ಬಂದವರ ಸ್ಕ್ಯಾನಿನಲ್ಲಿ ಗಡ್ಡೆಯೋ ಧಮನಿಯ ಉಬ್ಬೋ ಅನಿರೀಕ್ಷಿತವಾಗಿ ಕಾಣುವುದುಂಟು. ಅದನ್ನು ಅವರಿಗೆ ಯಾರು, ಯಾವ ಭಾಷೆಯಲ್ಲಿ, ಎಷ್ಟು ದಿನದೊಳಗೆ ಹೇಳಬೇಕು, ಮುಂದಿನ ಪರೀಕ್ಷೆಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿಬರುವ ಖರ್ಚು ಯಾರದು ಎಂಬುದು ಒಪ್ಪಿಗೆ ಪತ್ರದಲ್ಲೇ ಇರಬೇಕು. ಆ ಪತ್ರವನ್ನು ಸಹಿ ಹಾಕುವವರಿಗೆ ಓದಿ ಹೇಳಿದ ಮೇಲೆಯೇ ಸ್ಕ್ಯಾನ್ ಶುರುವಾಗಬೇಕು.